ನಂಟಿಲ್ಲದ ಸಾವಿಗೆ ಸೂತಕ

ಹೆಸರಾಂತ ನಟನೊಬ್ಬನೋ ಗಾಯಕನೊಬ್ಬನೋ ತೀರಿಕೊಂಡ ದಿನ ಎಷ್ಟೋ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ. 'ಅವರೇನು ನಿನ್ನ ನೆಂಟರೇ? ನೀನು ಯಾರೆಂದು ಅವರಿಗೆ ಗೊತ್ತಿತ್ತೇ? ಮತ್ಯಾಕೆ ಈ ಅಳು?' ಕೇಳುವವರು ಸಾಮಾನ್ಯವಾಗಿ ಮನೆಯ ವಿಚಾರವಂತರು. ಕೇಳಿಸಿಕೊಂಡವರು ಉತ್ತರ ಹೊಳೆಯದೆ ಕಣ್ಣೊರೆಸಿಕೊಂಡು ಸುಮ್ಮನಾಗುತ್ತಾರೆ. ನನ್ನ ಇವತ್ತಿನ ಮಾತು ಆ ಸುಮ್ಮನಾದವರ ಪರವಾಗಿ. ಕಂಡರಿಯದವರ ಸಾವಿಗೆ ಮರುಗುವುದನ್ನು ಸಿನಿಮಾ ತಂದ ಹುಚ್ಚು, ಟಿವಿ ಕಲಿಸಿದ ಚಟ ಎಂದು ತಳ್ಳಿಹಾಕುವವರು ನಮ್ಮ ಹಳೆಯ ಪುಸ್ತಕಗಳನ್ನೂ ನಮ್ಮದೇ ಊರಿನ ಕಲ್ಲುಗಳನ್ನೂ ಸರಿಯಾಗಿ ನೋಡಿಲ್ಲ ಎಂದೇ ನನ್ನ ದೂರು.

ಮೊದಲು ಸೂತಕದ ಲೆಕ್ಕ ನೋಡೋಣ. ದಾಯಾದಿ ಸತ್ತರೆ ಹತ್ತು ದಿನ, ಅದಕ್ಕಿಂತ ದೂರದವರಾದರೆ ಮೂರು ದಿನ, ಇನ್ನೂ ದೂರವಾದರೆ ತಲೆಗೆ ನೀರು ಹಾಕಿಕೊಂಡರೆ ಮುಗಿಯಿತು. ನೆಂಟಸ್ತನವನ್ನು ತಕ್ಕಡಿಯಲ್ಲಿ ತೂಗಿ ದುಃಖದ ದಿನಗಳನ್ನು ಹಂಚಿಕೊಟ್ಟ ಹಾಗೆ. ಇಂಥ ಬಿಗಿ ಲೆಕ್ಕದ ಮಧ್ಯೆ ಮನುಸ್ಮೃತಿಯ ಐದನೆಯ ಅಧ್ಯಾಯ ಒಂದು ವಿಚಿತ್ರವಾದ ನಿಯಮ ಹೇಳುತ್ತದೆ. ಯಾವ ದೊರೆಯ ನಾಡಿನಲ್ಲಿ ವಾಸವಾಗಿದ್ದೀಯೋ ಆ ದೊರೆ ಸತ್ತರೆ ನಿನಗೂ ಸೂತಕ ಉಂಟು, ಅದು ಬೆಳಕು ಇರುವಷ್ಟು ಹೊತ್ತು. ಹಗಲಾದರೆ ಸೂರ್ಯ ಮುಳುಗುವ ತನಕ, ರಾತ್ರಿಯಾದರೆ ನಕ್ಷತ್ರಗಳು ಅಳಿಸುವ ತನಕ. ಆ ಗ್ರಂಥದ ಬಹಳಷ್ಟು ಮಾತು ಒಪ್ಪುವಂಥದ್ದಲ್ಲ, ಅದು ಬೇರೆಯೇ ಜಗಳ. ಆದರೆ ಹುಟ್ಟನ್ನೂ ಕುಲವನ್ನೂ ಮುಂದಿಟ್ಟು ಎಣಿಸುವ ಶಾಸ್ತ್ರಕಾರನಿಗೂ ಇಲ್ಲೊಂದು ಕಿಂಡಿ ತೆಗೆಯಬೇಕಾಯಿತು ನೋಡಿ. ದೊರೆಯ ಮುಖವನ್ನೇ ನೋಡದ ಹಳ್ಳಿಗನೂ ಒಂದು ಹಗಲಿನಷ್ಟಾದರೂ ಅವನಿಗೆ ಬಾಧ್ಯಸ್ಥ ಎಂದು ಒಪ್ಪಿಕೊಳ್ಳಬೇಕಾಯಿತು.

ಈ ಬಾಧ್ಯತೆಗೆ ಹಳಗನ್ನಡದಲ್ಲಿ ಚೆಂದದ ಹೆಸರೇ ಇದೆ: ಜೋಳವಾಳಿ. ಉಂಡ ಜೋಳಕ್ಕೆ ಸಲ್ಲಿಸಬೇಕಾದ ಋಣ. ಪಂಪನ ಕರ್ಣ ದುರ್ಯೋಧನನನ್ನು ಬಿಟ್ಟು ಬರಲಾರದೆ ಹೋದದ್ದು ಈ ಋಣಕ್ಕೇ. ಇದು ಅತಿಗೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ನಿಂತಿರುವ ಗರುಡಗಂಬ ಸಾಕ್ಷಿ. ಗುಡಿಯ ಶಿಲ್ಪ ನೋಡಿದ ಕಣ್ಣಿಗೆ ಈ ಕಂಬ ಸಾದಾ ಅನ್ನಿಸಿ ಎಷ್ಟೋ ಪ್ರವಾಸಿಗರು ದಾಟಿ ಹೋಗಿಬಿಡುತ್ತಾರೆ. ನಿಂತು ನೋಡಿದರೆ ಮೈ ಜುಮ್ಮೆನ್ನುತ್ತದೆ: ಕತ್ತಿ ಹಿಡಿದು ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುತ್ತಿರುವ ಗಂಡಾಳುಗಳು. ಸುಮಾರು 1220ರಲ್ಲಿ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮ, ಹೆಂಡತಿ ಹಾಗೂ ಸಂಗಡಿಗರೊಂದಿಗೆ ಪ್ರಾಣ ಬಿಟ್ಟದ್ದರ ನೆನಪಿಗೆ ನಿಂತ ಕಂಬ ಅದು. ದೊರೆಯ ಜೊತೆ ಸಾಯುತ್ತೇವೆಂದು ಮಾತು ಕೊಟ್ಟ ಇಂಥವರಿಗೆ ಗರುಡರು ಎಂದೇ ಹೆಸರು. ಇಲ್ಲೊಂದು ಮಾತನ್ನು ತಡೆದು ಹೇಳಬೇಕು. ಕುವರ ಲಕ್ಷ್ಮನಿಗೆ ಬಲ್ಲಾಳ ಅಪರಿಚಿತನೇನಲ್ಲ, ದಿನ ಬೆಳಗಾದರೆ ಕಾಣುತ್ತಿದ್ದ ಒಡೆಯ. ಗುರುತು ಪರಿಚಯ ಇದ್ದಲ್ಲಿ ದುಃಖ ಹದದಲ್ಲಿರುತ್ತದೆ, ಇಲ್ಲದ ಕಡೆ ಮಾತ್ರ ಹುಚ್ಚಾಗುತ್ತದೆ ಎನ್ನುವವರು ಈ ಕಂಬದ ಮುಂದೆ ಒಂದು ಗಳಿಗೆ ನಿಲ್ಲಬೇಕು.

ಇದರ ಪಕ್ಕಕ್ಕೆ ಮಂಡ್ಯ ಸೀಮೆಯ ಆತಕೂರಿನ ಕಲ್ಲನ್ನು ಇಡಿ. ಈಗ ಬೆಂಗಳೂರಿನ ಸರ್ಕಾರಿ ಸಂಗ್ರಹಾಲಯದಲ್ಲಿರುವ ಈ ಕಲ್ಲು ಹತ್ತನೆಯ ಶತಮಾನದ ನಡುವಿನದು. ಮಣಲೇರ ಎಂಬ ವೀರ ಗಂಗರ ಬೂತುಗನಿಂದ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದಿದ್ದ. ಆ ನಾಯಿ ಕಾಡುಹಂದಿಯೊಂದಿಗೆ ಸೆಣಸಿತು, ಎರಡೂ ಸತ್ತವು. ಮಣಲೇರ ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟ. ಪೂಜೆ ಮಾಡದೆ ಉಣ್ಣುವ ಗೊರವನಿಗೆ, ಅಂದರೆ ಪೂಜಾರಿಗೆ, ನಾಯಿಯ ಪಾಪವೆಲ್ಲ ತಟ್ಟಲಿ ಎಂಬ ಶಾಪವನ್ನೂ ಬರೆಸಿದ. ನಾಯಿಗೆ ಎಂಥ ಪಾಪ ಇದ್ದೀತು, ಪಾಪ! ಆದರೆ ಆ ಗೊರವನ ಮಗ, ಮೊಮ್ಮಗ ಕಾಳಿಯನ್ನು ಕಂಡವರೇ? ಹಾಗೇ ಊರ ಹೊರಗಿನ ವೀರಗಲ್ಲಿಗೆ ಎಣ್ಣೆ ಸವರಿ ಹೂ ಇಡುವ ಹೆಂಗಸಿಗೆ, ತುರು ಕಾಯಲು ಹೋಗಿ ಸತ್ತ ಆ ಆಳಿನ ಹೆಸರೂ ಗೊತ್ತಿಲ್ಲ. ದನ ಉಳಿದವು, ಊರು ಉಳಿಯಿತು, ಅಷ್ಟು ಸಾಕು. ನೆಂಟಸ್ತನ ಸೂತಕಕ್ಕೆ ಬೇಕಾಗಬಹುದು. ದುಃಖಕ್ಕೆ ಋಣವೊಂದಿದ್ದರೆ ಆಯಿತು.

ಗರುಡಗಂಬದ ಮುಂದಿನ ಏಳು ಶತಮಾನ ಒಂದೇ ಉಸಿರಿಗೆ ದಾಟೋಣ. ದೊರೆಗಳು ಬಂದರು, ಹೋದರು, ಕಲ್ಲು ಕಡಿಯುವವರು ಕಡಿಯುತ್ತಲೇ ಇದ್ದರು, ಆಮೇಲೆ ಅಚ್ಚಿನ ಮನೆ ಬಂತು, ಪತ್ರಿಕೆ ಬಂತು. ನಿಜವಾದ ತಿರುವು ಬಂದದ್ದು ರೇಡಿಯೋದಿಂದ. 1948ರ ಜನವರಿ 30ರ ಸಂಜೆ ಗಾಂಧೀಜಿ ಹತ್ಯೆಯಾದಾಗ ಸಾವಿರಾರು ಮೈಲಿ ದೂರದ ಜನ ಆ ರಾತ್ರಿಯೇ ಒಟ್ಟಿಗೆ ಅತ್ತರು. ಮರುದಿನ ಮೆಲ್ವಿಲ್ ಡಿ ಮೆಲ್ಲೊ ಅಂತಿಮ ಯಾತ್ರೆಯನ್ನು ರೇಡಿಯೋದಲ್ಲಿ ಏಳು ತಾಸು ಎಡೆಬಿಡದೆ ಬಣ್ಣಿಸಿದರು. ಕಣ್ಣಿಗೆ ಏನೂ ಕಾಣದಿದ್ದರೂ ಕೇಳುಗರು ಕಿವಿಯಲ್ಲೇ ಹೆಣದ ಹಿಂದೆ ನಡೆದರು. ಅದಕ್ಕಿಂತ ದೊಡ್ಡ ಸಂಗತಿ ಫೆಬ್ರವರಿ 12ರದು. ಅಂದು ದೇಶದ ಹಲವು ನದಿಗಳಲ್ಲಿ ಬಿಟ್ಟ ಚಿತಾಭಸ್ಮದ ಒಂದು ಪಾಲು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೂ ಬಂತು. ಹಳೆ ಮೈಸೂರಿನವರಿಗೆ ಪಶ್ಚಿಮವಾಹಿನಿ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ, ಅಪ್ಪ ಅಮ್ಮನ ಅಸ್ಥಿ ಬಿಡುವ ಜಾಗ. ಅದೇ ನೀರಿಗೆ ಆ ಮುದುಕನ ಬೂದಿಯನ್ನೂ ಬಿಟ್ಟರು. ಆ ನೆನಪಿಗೆ ಅಲ್ಲಿ ಸರ್ವೋದಯ ಮೇಳ ನಡೆಯುತ್ತ ಬಂದಿದೆ. ದಡದಲ್ಲಿ ನಿಂತವರನ್ನು 'ಅವರೇನು ನಿಮ್ಮ ನೆಂಟರೇ' ಎಂದು ಕೇಳುವ ಧೈರ್ಯ ಯಾವ ವಿಚಾರವಂತನಿಗಿತ್ತು?

ಗಾಂಧೀಜಿಯ ಮಾತು ಬೇರೆ, ಅವರು ದೇಶಕ್ಕಾಗಿ ದುಡಿದವರು, ಬಣ್ಣ ಹಚ್ಚಿ ದುಡ್ಡು ಮಾಡಿದವರಿಗೆ ಯಾವ ಋಣ, ಎಂದು ಕೇಳುವುದುಂಟು. ಸರಿಯಾದ ಪ್ರಶ್ನೆಯೇ. ಉತ್ತರಕ್ಕೆ ಒಂದು ಆಟೋ ಹತ್ತೋಣ. ಹಿಂದಿನ ಹೊದಿಕೆಯ ಮೇಲೋ ಗಾಜಿನ ಅಂಚಿನಲ್ಲೋ ಒಂದು ಮುಖ, ಕೆಳಗೆ 'ಶಂಕ್ರಣ್ಣ' ಎಂಬ ಹೆಸರು. ಹೊನ್ನಾವರದ ಕಡೆಯ ಶಂಕರನಾಗ್ ಹುಟ್ಟಿದ್ದು 1954ರ ನವೆಂಬರ್ 9ರಂದು. 1978ರ 'ಒಂದಾನೊಂದು ಕಾಲದಲ್ಲಿ' ಚಿತ್ರದ ಗಂಡುಗಲಿಯಾಗಿ ಬೆಳ್ಳಿತೆರೆಗೆ ಬಂದರು. ಅನ್ನ ಹಾಕಿದವನ ಪರ ಕತ್ತಿ ಹಿಡಿಯುವ ಕೂಲಿ ಸೈನಿಕನ ಪಾತ್ರ, ಜೋಳವಾಳಿಯ ಕಥೆಯೇ! 1980ರಲ್ಲಿ 'ಆಟೋ ರಾಜ'. ಆಮೇಲಿನ ಹತ್ತು ವರ್ಷ ಅವರು ನಿದ್ದೆ ಮಾಡಿದ್ದು ಯಾವಾಗ ಎಂದು ಕೇಳಬೇಕು. ನಟನೆ, ನಿರ್ದೇಶನ, ರಂಗಭೂಮಿ, ಧ್ವನಿಮುದ್ರಣಕ್ಕೆ ಸಂಕೇತ್ ಸ್ಟುಡಿಯೋ, ಆಗುಂಬೆಯನ್ನೇ ಮಾಲ್ಗುಡಿ ಮಾಡಿ ಇಡೀ ದೇಶದ ಟಿವಿ ಮುಂದಿಟ್ಟದ್ದು, ಇವುಗಳ ನಡುವೆ ಬೆಂಗಳೂರಿಗೆ ಮೆಟ್ರೊ ರೈಲು ಬರಬೇಕೆಂಬ ಕನಸು, ಬಡವರಿಗೆ ಅಗ್ಗದ ಮನೆಯ ಯೋಚನೆ. 1990ರ ಸೆಪ್ಟೆಂಬರ್ 30ರ ಬೆಳಗಿನ ಜಾವ ದಾವಣಗೆರೆ ಹತ್ತಿರದ ಆನಗೋಡಿನ ಬಳಿ ಕಾರು ಅಪಘಾತಕ್ಕೀಡಾಯಿತು. ವಯಸ್ಸು 35. ಬದುಕಿದ್ದರೆ ಇನ್ನೂ ಏನೇನು ಮಾಡುತ್ತಿದ್ದರೋ ಎಂಬ ಸಂಕಟ, ಇಷ್ಟು ವರ್ಷ ಕಳೆದರೂ, ಇದನ್ನು ಹೇಳುವಾಗ ಗಂಟಲಿಗೆ ಬರುತ್ತದೆ.

ಈಗ ಆ ಆಟೋ ಓಡಿಸುವ ಹುಡುಗನನ್ನು ನೋಡಿ. ಅವನಿಗೆ ಇಪ್ಪತ್ತೈದಿರಬಹುದು. ಶಂಕರನಾಗ್ ಸತ್ತಾಗ ಅವನು ಹುಟ್ಟಿರಲೇ ಇಲ್ಲ. ಆದರೂ ನವೆಂಬರ್ 9 ಬಂದರೆ ನಿಲ್ದಾಣದಲ್ಲಿ ಫೋಟೋಗೆ ಹಾರ ಬೀಳುತ್ತದೆ, ಸಿಹಿ ಹಂಚಿಕೆಯಾಗುತ್ತದೆ. ಯಾವ ನಂಟು ಇದು? ಮೀಟರ್ ಮೇಲೆ ಹೆಚ್ಚು ಕೇಳುತ್ತಾನೆ, ಕರೆದ ಕಡೆ ಬರುವುದಿಲ್ಲ ಎಂದು ಊರೆಲ್ಲ ಬೈಯುವ ಕಸುಬಿನವನನ್ನು ಒಬ್ಬ ನಟ ರಾಜ ಎಂದು ಕರೆದ, ಖಾಕಿ ಅಂಗಿ ತೊಟ್ಟು ಕಥೆಯ ನಡುವೆ ನಿಂತ. ಕಸುಬಿಗೆ ಮರ್ಯಾದೆ ಕೊಟ್ಟದ್ದು ಆ ಹುಡುಗನಿಗೆ ತಲುಪಿದ ಜೋಳ. ಅದು ನಟನೆ, ನಿಜವಲ್ಲ, ನೀವು ಅತ್ತದ್ದು ಮುಖವಾಡಕ್ಕೆ ಎಂದು ವಿಚಾರವಂತರು ಹೇಳುತ್ತಾರೆ. ಶಂಕರನಾಗ್ ಮನೆಯಲ್ಲಿ ಹೇಗಿದ್ದರು, ಯಾರ ಮೇಲೆ ಸಿಟ್ಟಾಗುತ್ತಿದ್ದರು ಎಂಬುದು ಆ ಹುಡುಗನಿಗೆ ಗೊತ್ತಿಲ್ಲ, ನಿಜ. ಅದು ಅವರ ಮನೆಯವರ ದುಃಖ, ಅದಕ್ಕೆ ಅವನು ಕೈ ಹಾಕುವುದೂ ಇಲ್ಲ. ಅವನಿಗೆ ಸಿಕ್ಕಿದ್ದು ಸಿನಿಮಾದ ಶಂಕ್ರಣ್ಣ, ಮರುಗುವುದೂ ಅವನಿಗೇ. ಸಿಕ್ಕಿದ್ದಷ್ಟಕ್ಕೇ ಲೆಕ್ಕ ಒಪ್ಪಿಸುವುದರಲ್ಲಿ ಸುಳ್ಳೆಲ್ಲಿದೆ?

ಇದೆಲ್ಲ ಮಾಧ್ಯಮದವರು, ಫ್ಲೆಕ್ಸ್ ಅಂಗಡಿಯವರು, ಓಟು ಕೇಳುವವರು ಸೇರಿ ಹುಟ್ಟಿಸಿದ ದುಃಖ ಎಂಬ ಆಕ್ಷೇಪವನ್ನು ಅರ್ಧ ಒಪ್ಪುತ್ತೇನೆ. ಸತ್ತವರ ಫೋಟೋ ಪಕ್ಕದಲ್ಲಿ ತಮ್ಮ ಫೋಟೋ ದೊಡ್ಡದಾಗಿ ಹಾಕಿಸಿಕೊಳ್ಳುವ ಪುಢಾರಿಗಳನ್ನು ಕಂಡರೆ ಯಾರಿಗೂ ಹೇಸಿಗೆಯೇ. ಆದರೆ ಫ್ಲೆಕ್ಸಿನ ಆಯುಸ್ಸು ಒಂದು ಮಳೆಗಾಲ. ಮೂವತ್ತು ವರ್ಷ ದಾಟಿದ ಮೇಲೂ ತನ್ನ ದುಡಿಮೆಯ ದುಡ್ಡಿನಲ್ಲಿ ಆಟೋಗೆ ಶಂಕ್ರಣ್ಣನ ಚಿತ್ರ ಬರೆಸುವವನನ್ನು ಯಾವ ಚಾನೆಲ್ ಕುಣಿಸುತ್ತಿದೆ? ಇನ್ನೊಂದು ಆಕ್ಷೇಪ ಇದಕ್ಕಿಂತ ಚುಚ್ಚುವಂಥದ್ದು: ಮ್ಯಾನ್‌ಹೋಲಿಗೆ ಇಳಿದು ಸತ್ತ ಪೌರಕಾರ್ಮಿಕನಿಗೆ, ಸಾಲಕ್ಕೆ ಹೆದರಿ ನೇಣು ಹಾಕಿಕೊಂಡ ರೈತನಿಗೆ ಇಲ್ಲದ ಕಣ್ಣೀರು ನಟನಿಗೇಕೆ? ಆ ನಾಚಿಕೆ ನಮ್ಮೆಲ್ಲರದೂ ಹೌದು. ಆದರೆ ಕಣ್ಣೀರು ಕಣಜದ ಭತ್ತವಲ್ಲ, ಒಬ್ಬರಿಗೆ ಅಳೆದರೆ ಇನ್ನೊಬ್ಬರಿಗೆ ಕಡಿಮೆ ಬೀಳಲು. ಇದೇ ಶಂಕರನಾಗ್ ನಿರ್ದೇಶಿಸಿದ 'ಆಕ್ಸಿಡೆಂಟ್' ನೆನಪಿಸಿಕೊಳ್ಳಿ. ಫುಟ್‌ಪಾತಿನ ಮೇಲೆ ಮಲಗಿದ್ದ ಹೆಸರಿಲ್ಲದ ಜನರ ಮೇಲೆ ದೊಡ್ಡವರ ಮಕ್ಕಳ ಕಾರು ಹರಿಯುವ ಕಥೆ ಅದು. ಆ ಹೆಸರಿಲ್ಲದವರಿಗಾಗಿ ಟಾಕೀಸಿನ ಕತ್ತಲಲ್ಲಿ ನೋಡುಗರ ಕರುಳು ಕಿವುಚಿದವರು ಶಂಕರನಾಗ್. ಕಾಣದವರಿಗೆ ಮರುಗುವುದನ್ನು ಕಲಿಸಿಕೊಟ್ಟವನಿಗೇ ಮರುಗಬಾರದು ಎಂದರೆ ಹೇಗೆ?

ಕೊನೆಯ ಆಕ್ಷೇಪ ಬೆಂಕಿಯದು. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರು ಹೊತ್ತಿ ಉರಿಯಿತು. ಬಸ್ಸು ಸುಟ್ಟವು, ಗೋಲಿಬಾರ್ ಆಯಿತು, ಒಬ್ಬ ಪೊಲೀಸ್ ಪೇದೆ ಸೇರಿ ಹಲವರು ಸತ್ತರು. ಇದಕ್ಕೆ ಸಬೂಬು ಹೇಳಲಾರೆ. ಸತ್ತ ಆ ಪೇದೆಯ ಮನೆಯಲ್ಲೂ ರಾಜ್‌ಕುಮಾರ್ ಹಾಡು ಕೇಳುತ್ತಿದ್ದಿರಬಹುದು. ಗರುಡಗಂಬದ ಕತ್ತಿ ಇಲ್ಲಿ ಕಂಡವರ ಮೇಲೆ ತಿರುಗಿತ್ತು, ಅಷ್ಟೇ. ಆದರೆ ತಪ್ಪನ್ನು ಪೂರ್ತಿ ಜನರ ದುಃಖದ ತಲೆಗೆ ಕಟ್ಟಬೇಡಿ. ಅಂತಿಮ ದರ್ಶನ ಎಲ್ಲಿ, ಯಾವಾಗ, ಹೇಗೆ ಎಂಬ ಸರಿಯಾದ ವ್ಯವಸ್ಥೆ ಇಲ್ಲದ ನೂಕುನುಗ್ಗಲಿನಲ್ಲಿ ಪುಂಡರಿಗೂ ಅಳುವವರಿಗೂ ವ್ಯತ್ಯಾಸ ಉಳಿಯಲಿಲ್ಲ. ಹದಿನೈದು ವರ್ಷದ ನಂತರ, 2021ರ ಅಕ್ಟೋಬರ್ 29ರಂದು, ರಾಜ್‌ಕುಮಾರ್ ಅವರ ಕಿರಿಯ ಮಗ ಪುನೀತ್ 46ನೇ ವಯಸ್ಸಿಗೇ ಹೋಗಿಬಿಟ್ಟರು. ಕಂಠೀರವ ಕ್ರೀಡಾಂಗಣದಲ್ಲಿ ದರ್ಶನಕ್ಕೆ ಹಗಲಿರುಳು ಬಾಗಿಲು ತೆರೆದಿತ್ತು, ಲಕ್ಷಾಂತರ ಜನ ಸಾಲು ಹಿಡಿದು ಬಂದರು, 31ರ ಬೆಳಗ್ಗೆ ಕಂಠೀರವ ಸ್ಟುಡಿಯೋದಲ್ಲಿ ಅಪ್ಪನ ಸಮಾಧಿಯ ಹತ್ತಿರವೇ ಮಣ್ಣಾಯಿತು. ನಗರ ಸುಡಲಿಲ್ಲ. ಊರು ಅದೇ, ಮನೆತನ ಅದೇ, ದುಃಖ ಮಾತ್ರ ಹರಿಯಲು ಕಾಲುವೆ ಕಂಡುಕೊಂಡಿತ್ತು.

ಮತ್ತೊಂದು ಕಾಲುವೆಯನ್ನು ಆ ಅಪ್ಪ ಮಗ ಇಬ್ಬರೂ ತೋಡಿಟ್ಟು ಹೋಗಿದ್ದರು. ತಂದೆಯಂತೆ ಮಗನೂ ಕಣ್ಣು ದಾನ ಮಾಡಿದರು. ವೈದ್ಯರು ಪುನೀತ್ ಅವರ ಒಂದೊಂದು ಕಾರ್ನಿಯಾವನ್ನೂ ಮುಂದಿನ ಪದರ, ಹಿಂದಿನ ಪದರ ಎಂದು ಎರಡು ಮಾಡಿ, ಎರಡು ಕಣ್ಣಿನಿಂದ ನಾಲ್ಕು ಜನರಿಗೆ ದೃಷ್ಟಿ ಕೊಟ್ಟರು. ಆ ಸುದ್ದಿ ಕೇಳಿ ಕರ್ನಾಟಕದಲ್ಲಿ ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಗಿಬಿದ್ದರು. ವೀರಗಲ್ಲಿಗೆ ಎಣ್ಣೆ ಸವರಿದ ಕೈಗಳೇ ಅವು, ನನ್ನ ಲೆಕ್ಕದಲ್ಲಿ.

ಹಾಗೆ ಹೆಸರು ಬರೆಸಿದವರಿಗೂ ಬರೆಸಬೇಕೆಂದಿರುವವರಿಗೂ ಒಂದು ಮಾತು ಹೇಳಿ ಮುಗಿಸುತ್ತೇನೆ. ನೀವು ಬರೆದುಕೊಟ್ಟ ಚೀಟಿಯೊಂದೇ ಸಾಲದು, ಆ ಹೊತ್ತಿಗೆ ನಿಮ್ಮ ಮನೆಯವರು ಒಪ್ಪಬೇಕು, ಅದಕ್ಕೇ ಇವತ್ತು ರಾತ್ರಿ ಊಟಕ್ಕೆ ಕೂತಾಗ ಅವರಿಗೆ ತಿಳಿಸಿಡಿ. ಕನ್ನಡಕ ಹಾಕುವವರು, ಪೊರೆ ತೆಗೆಸಿಕೊಂಡವರು, ಸಕ್ಕರೆ ಕಾಯಿಲೆಯವರು ಕೂಡ ಕೊಡಬಹುದು. ಉಸಿರು ನಿಂತ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ಕಣ್ಣಿನ ಬ್ಯಾಂಕಿಗೆ ಫೋನ್ ಮಾಡಿ, ಅವರು ಬರುವ ತನಕ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ತಲೆಯ ಕೆಳಗೆ ಒಂದು ದಿಂಬು ಕೊಡಿ.