ಕುರಿ ಮಾರಿ ಕಟ್ಟೆ ಕಟ್ಟಿದ ಕಾಮೇಗೌಡರು

(ಸ್ವಸಹಾಯ ಸಂಘಗಳ ಒಕ್ಕೂಟದ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳು)



ಇವತ್ತು ಉಳಿತಾಯದ ಲೆಕ್ಕ, ಬ್ಯಾಂಕಿನ ವಿಷಯ ಎಲ್ಲ ಆಮೇಲೆ ನೋಡೋಣ. ಮೊದಲು ತೀರಿಹೋದ ಒಬ್ಬ ಹಿರಿಯರನ್ನು ನೆನಪು ಮಾಡಿಕೊಳ್ಳೋಣ. ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು. ಕಲ್ಮನೆ ಕಾಮೇಗೌಡರು ಅಂತ ಜನ ಕರೀತಿದ್ದರು. 2022ರ ಅಕ್ಟೋಬರ್ 17ರಂದು ತೀರಿಕೊಂಡರು. ಎಂಬತ್ತು ದಾಟಿದ ಜೀವ. ಕುರಿ ಕಾಯುತ್ತಿದ್ದವರು. ಶಾಲೆ ಕಲಿತವರಲ್ಲ, ಜಮೀನ್ದಾರರಲ್ಲ, ಯಾವ ಸಂಸ್ಥೆಯ ಸಿಬ್ಬಂದಿಯೂ ಅಲ್ಲ. ತಮ್ಮ ಊರಿನ ಬೆಟ್ಟದ ಮೇಲೆ ಒಂದಲ್ಲ ಎರಡಲ್ಲ, ಹತ್ತಾರು ಕಟ್ಟೆ ತೋಡಿಸಿ ಹೋದರು. ಪತ್ರಿಕೆಯವರು ಹದಿನಾಲ್ಕು ಅಂತಲೂ ಬರೆದಿದ್ದಾರೆ, ಹದಿನಾರು ಅಂತಲೂ ಬರೆದಿದ್ದಾರೆ. ಎಣಿಕೆ ಬಿಡಿ.

ಮಂಡ್ಯ ಅಂದ ಕೂಡಲೇ ನಮಗೆಲ್ಲ ಕಬ್ಬು, ಬತ್ತ, ಕನ್ನಂಬಾಡಿ ಕಟ್ಟೆಯ ನಾಲೆ ನೀರು ಇವೇ ಕಣ್ಣಿಗೆ ಬರುತ್ತವೆ. ಆದರೆ ಮಂಡ್ಯದ ಎಲ್ಲಾ ಊರಿಗೂ ನಾಲೆ ಇಲ್ಲ. ನಾಲೆ ನೀರು ತಗ್ಗಿಗೆ ಹರಿಯುತ್ತದೆ, ಬೆಟ್ಟ ಹತ್ತುವುದಿಲ್ಲ. ಮಳವಳ್ಳಿ ಕಡೆಯ ಬೆಟ್ಟಗುಡ್ಡದ ಊರುಗಳಿಗೆ ಆಕಾಶವೇ ಗತಿ. ಅಲ್ಲಿನ ಕುರಿ ಕಾಯುವವರ ಪಾಡು ನಮ್ಮಲ್ಲಿ ಕುರಿ ಸಾಕಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಒಂದು ಕುರಿಗೆ ದಿನಕ್ಕೆ ನಾಲ್ಕೈದು ಲೀಟರ್ ನೀರಾದರೂ ಬೇಕು. ಐವತ್ತು ಕುರಿ ಇದ್ದರೆ ಲೆಕ್ಕ ಹಾಕಿ, ಇನ್ನೂರು ಲೀಟರ್ ದಾಟಿತು. ಮೇವು ಬೆಟ್ಟದ ಮೇಲೆ, ನೀರು ಕೆಳಗಡೆ. ಹತ್ತಿ ಇಳಿದು ಹತ್ತಿ ಇಳಿದು ತಿಂದದ್ದೆಲ್ಲ ಅಲ್ಲೇ ಕರಗಿ ಹೋಗುತ್ತದೆ.

ಕಾಮೇಗೌಡರು ಕಂಡದ್ದು ಇದನ್ನೇ. ಇನ್ನೂ ಒಂದು ಕಂಡರು. ನಮಗಾದರೆ ಮನೆಯಲ್ಲಿ ಕೊಡ ಉಂಟು, ಬಿಂದಿಗೆ ಉಂಟು. ಆ ಹಕ್ಕಿಗೆ, ನವಿಲಿಗೆ, ಕಾಡು ಪ್ರಾಣಿಗೆ ಯಾರು ಕೊಡ ಇಟ್ಟಿದ್ದಾರೆ? ಬೆಟ್ಟದಲ್ಲಿ ಎಲ್ಲಿ ಮಣ್ಣು ಹಸಿಯಾಗಿದೆ ಎಂದು ಹುಡುಕಿ, ಮೊದಲು ಕೋಲಿನಿಂದಲೇ ಕೆದಕಿದರಂತೆ. ಕೋಲಿಗೆ ಬಗ್ಗುವ ನೆಲವೇ ಅದು? ಕೆಲವು ಕುರಿ ಮಾರಿದರು, ಹಾರೆ ಗುದ್ದಲಿ ತಂದರು. ಕುರಿ ಮೇಯಿಸುವ ಹೊತ್ತು ಕಳೆದು ಉಳಿದ ಹೊತ್ತಿನಲ್ಲಿ ತೋಡಿದರು. ಒಂದು ದಿನ ಎರಡು ದಿನ ಅಲ್ಲ, ಹತ್ತಾರು ವರ್ಷ. ಹುಚ್ಚು ಹಿಡಿದಿದೆ ಅಂತ ಆಡಿಕೊಂಡವರೂ ಇದ್ದರು.

ಕೆಲಸದ ರೀತಿಯನ್ನು ಸ್ವಲ್ಪ ಹೇಳ್ತೀವಿ, ಯಾಕೆಂದರೆ ನಮ್ಮೂರುಗಳಿಗೂ ಅದು ಬೇಕಾದದ್ದು. ಒಂದು ಎಕರೆ ನೆಲದ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಎಷ್ಟು ನೀರು ಗೊತ್ತಾ? ಸುಮಾರು 40,000 ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಎಂಟು ಸಲ ಬಂದ ಹಾಗೆ. ಎಲ್ಲವೂ ನಮ್ಮ ಕೈಗೆ ಸಿಗುವುದಿಲ್ಲ, ಒಂದಷ್ಟು ಇಂಗುತ್ತದೆ, ಒಂದಷ್ಟು ಆರುತ್ತದೆ. ಬೆಟ್ಟದಲ್ಲಾದರೆ ಬಹುಪಾಲು ಮಣ್ಣನ್ನೂ ಎಳೆದುಕೊಂಡು ಅರ್ಧ ಗಂಟೆಯಲ್ಲಿ ಕೆಳಗೆ ಓಡಿಹೋಗುತ್ತದೆ. ಆ ಓಟಕ್ಕೆ ಅಡ್ಡವಾಗಿ ಒಂದು ಕಟ್ಟೆ ಇದ್ದರೆ ನೀರು ನಿಲ್ಲುತ್ತದೆ. ಅದು ತುಂಬಿ ಕೋಡಿ ಹೋದ ನೀರು ಕೆಳಗಿನ ಕಟ್ಟೆಗೆ, ಅಲ್ಲಿಂದ ಇನ್ನೂ ಕೆಳಗಿನದಕ್ಕೆ. ಕಾಮೇಗೌಡರೂ ಕಟ್ಟೆಗಳನ್ನು ಹೀಗೆ ಒಂದಕ್ಕೊಂದು ಹೊಂದಿಸಿದರು. ಇದು ಹೊಸ ವಿದ್ಯೆಯೇನಲ್ಲ. ನಮ್ಮ ಹಳೇ ಮೈಸೂರು ಸೀಮೆಯ ಕೆರೆಗಳನ್ನು ನೋಡಿ, ಮೇಲಿನ ಕೆರೆಯ ಕೋಡಿಯೇ ಕೆಳಗಿನ ಕೆರೆಗೆ ಆಧಾರ. ಹಿಂದಿನವರು ಕೆರೆಯಲ್ಲಿ ಮಾಡಿದ್ದನ್ನು ಈ ಮುದುಕರು ಬೆಟ್ಟದ ಮೇಲೆ ಸಣ್ಣದಾಗಿ ಮಾಡಿದರು. ಕಟ್ಟೆಯ ಸುತ್ತ ಗಿಡಗಳನ್ನೂ ನೆಟ್ಟರು.

2020ರ ಜೂನ್ 28ರಂದು ಪ್ರಧಾನಮಂತ್ರಿಗಳು ರೇಡಿಯೋದ ಮನ್ ಕಿ ಬಾತ್‌ನಲ್ಲಿ ಇವರ ಹೆಸರು ಹೇಳಿದರು. ಆಮೇಲೆ ಕೇಳಬೇಕಾ, ದೇಶವೆಲ್ಲ ದಾಸನದೊಡ್ಡಿ ಅಂದಿತು. ಸಾರಿಗೆ ಸಂಸ್ಥೆಯವರು ಜೀವನಪೂರ್ತಿ ಉಚಿತ ಓಡಾಟದ ಬಸ್ ಪಾಸ್ ಕೊಟ್ಟರು. ಬಹುಮಾನಗಳು ಬಂದವು. ಬಂದ ಬಹುಮಾನದ ದುಡ್ಡನ್ನೂ ಕಟ್ಟೆಗೇ ಹಾಕಿದರು. ಆ ವರ್ಷವೇ ಕೋವಿಡ್ ತಗುಲಿತು, ಆಸ್ಪತ್ರೆ ಸೇರಿ ಗುಣವಾಗಿ ಬಂದರು. ಎರಡು ವರ್ಷ ಕಳೆದು ಹೋಗಿಬಿಟ್ಟರು.

ಇಷ್ಟೇ ಆಗಿದ್ದರೆ ನಾವು ಇವತ್ತು ಈ ಮಾತು ಎತ್ತುತ್ತಿರಲಿಲ್ಲ. ಇದನ್ನು ನೀವೂ ಟಿ.ವಿ.ಯಲ್ಲಿ ಕೇಳಿದ್ದೀರಿ. ಎತ್ತಲು ಕಾರಣ ನಿಮ್ಮಲ್ಲೇ ಒಬ್ಬರು. ಹೋದ ತಿಂಗಳು ಒಂದು ಸಂಘದ ಸಭೆಯಲ್ಲಿ ನಾವು ಕಾಮೇಗೌಡರ ಕಥೆಯನ್ನು ಬಹಳ ಉತ್ಸಾಹದಿಂದ ಹೇಳುತ್ತಿದ್ದೆವು. ತ್ಯಾಗ, ಸೇವೆ ಅಂತ ದೊಡ್ಡ ದೊಡ್ಡ ಮಾತು. ಹಿಂದೆ ಗೋಡೆಗೆ ಒರಗಿ ಕೂತಿದ್ದ ಒಬ್ಬ ಅಕ್ಕ ಕೇಳಿದರು: “ಎಲ್ಲಾ ಸರಿ ಸಿಸ್ಟರ್, ಆ ಕುರಿ ಮಾರ್ಬುಟ್ಟು ಗುದ್ಲಿ ತಂದ್ರಲ್ಲಾ, ಅವತ್ತು ಮನೇಲಿ ಏನಂದ್ರು?” ಎಲ್ಲರೂ ನಕ್ಕರು. ಆಕೆ ನಗಲಿಲ್ಲ. “ನಮ್ಮ ಯಜಮಾನ್ರೂ ಊರ್ ಕೆಲ್ಸ ಅಂತ ಓಡಾಡೋರೇ. ಜಾತ್ರೆ, ಪಂಚಾಯ್ತಿ, ಯಾರ್ದೋ ಆಸ್ಪತ್ರೆ. ಜನ ದೇವ್ರಂಥ ಮನುಷ್ಯ ಅಂತಾರೆ. ಮನೇಲಿ ರಾಗಿ ಮುಗ್ದಿರೋದು ಜನಕ್ಕೇನ್ ಗೊತ್ತು” ಅಂದರು.

ನಾವು ಸಮಾಜಕಾರ್ಯದಲ್ಲಿ ಎಂ.ಎಸ್.ಡಬ್ಲ್ಯು. ಓದಿದವರು. ಮೂವತ್ತು ವರ್ಷದ ಹತ್ತಿರ ಹಳ್ಳಿ ತಿರುಗಿದವರು. ಸಮುದಾಯದ ಸಹಭಾಗಿತ್ವ ಅಂತ ಎಷ್ಟು ವರದಿ ಬರೆದಿದ್ದೇವೋ ಲೆಕ್ಕವಿಲ್ಲ. ಆದರೆ ಈ ಪ್ರಶ್ನೆ ನಮಗೆ ಹೊಳೆದಿರಲಿಲ್ಲ. ಆ ರಾತ್ರಿ ಕಾನ್ವೆಂಟಿಗೆ ಹೋಗಿ ಮಲಗಿದರೂ ಆ ಅಕ್ಕನ ಮುಖವೇ ಕಣ್ಣೆದುರು.

ಕುರಿ ಅಂದರೆ ಏನು? ಬಡವರ ಮನೆಯ ಬ್ಯಾಂಕು. ಮಗಳ ಮದುವೆಗೆ ಎರಡು, ಆಸ್ಪತ್ರೆಗೆ ಒಂದು, ಹಬ್ಬಕ್ಕೆ ಒಂದು. ಕಾಯುವವನು ಗಂಡಸು ಇರಬಹುದು. ಹಟ್ಟಿ ಗುಡಿಸುವುದು, ತಾಯಿ ಸತ್ತ ಮರಿಗೆ ಹಾಲು ಕುಡಿಸುವುದು, ಮಳೆ ಬಂದಾಗ ಮರಿಗಳನ್ನು ಒಳಗೆ ತಂದು ಒಲೆ ಪಕ್ಕ ಬೆಚ್ಚಗೆ ಇಡುವುದು ಯಾರು? ಹಾಗಾದರೆ ಬೆಟ್ಟದ ಮೇಲಿನ ಆ ನೀರಿನಲ್ಲಿ ಮನೆಯವರ ಪಾಲೂ ಇದೆ. ಪತ್ರಿಕೆಯ ಚಿತ್ರದಲ್ಲಿ ಒಬ್ಬರೇ ನಿಂತಿರುತ್ತಾರೆ, ಅವರ ಹಿಂದೆ ಇರುವ ಮನೆ ಕಾಣುವುದಿಲ್ಲ. ಕಾಮೇಗೌಡರನ್ನು ನೆನೆಯುವಾಗ ಆ ಮನೆಯವರಿಗೂ ಕೈ ಮುಗಿಯಬೇಕು ಅಂತ ಈಗ ನಮಗೆ ಅನಿಸುತ್ತದೆ.

ಹಾಗಂತ ಅವರು ಮನೆ ಬಿಟ್ಟು ಊರು ಹಿಡಿದವರು ಅಂತ ಯಾರೂ ತಿಳಿಯಬೇಡಿ. ಅವರು ತಮ್ಮ ಕಟ್ಟೆಗಳಿಗೆ ದೇವರ ಹೆಸರಿಟ್ಟರು, ಮೊಮ್ಮಕ್ಕಳ ಹೆಸರನ್ನೂ ಇಟ್ಟರು. ನಮಗೆ ಬಹಳ ಇಷ್ಟವಾದ ಸಂಗತಿ ಇದು. ಅಜ್ಜ ಮೊಮ್ಮಗುವಿಗೆ ಒಂದು ಕಾಲ್ಗೆಜ್ಜೆ, ಒಂದು ಉಡಿದಾರ ಕೊಡಿಸುತ್ತಾನೆ. ಇವರು ನೀರು ಕೊಟ್ಟರು, ಅದೂ ಊರ ಕುರಿಯೆಲ್ಲ ಕುಡಿಯುವ ನೀರು. ಇವರಿಗೆ ಮನೆ ಬೇರೆ, ಊರು ಬೇರೆ ಆಗಿರಲಿಲ್ಲ ಅಂತ ಕಾಣುತ್ತದೆ. ನಮ್ಮ ಅಕ್ಕನ ಯಜಮಾನರಿಗೂ ಇವರಿಗೂ ವ್ಯತ್ಯಾಸ ಇಲ್ಲೇ ಇದೆಯೇನೋ. ಆದರೂ ನಮ್ಮ ಅಭಿಪ್ರಾಯ ಹೇಳಿಬಿಡ್ತೀವಿ: ಊರಿಗೆ ಅಂತ ಕುರಿ ಮಾರುವ ಮೊದಲು ಮನೆಯಲ್ಲಿ ಕೂತು ಮಾತಾಡಬೇಕು. ನಾವು ಸಂಘದಲ್ಲಿ ನೂರು ರೂಪಾಯಿ ಖರ್ಚಿಗೂ ನಿರ್ಣಯ ಬರೆದು ಎಲ್ಲರ ಸಹಿ ಹಾಕಿಸುತ್ತೇವಲ್ಲ, ಮನೆಯಲ್ಲಿ ಅಷ್ಟೂ ಬೇಡವೇ?

ಇನ್ನೊಂದು ವಿಷಯ. ಇದು ನಮ್ಮದೇ ತಪ್ಪು, ನಾಚಿಕೆ ಬಿಟ್ಟು ಹೇಳ್ತೀವಿ. ಹದಿನೈದು ವರ್ಷದ ಹಿಂದೆ ಒಂದು ಊರಿನ ಮೇಲ್ಗಡೆ ಜಲಾನಯನ ಕೆಲಸದಲ್ಲಿ ನಾವು ಒಂದು ಕಟ್ಟೆ ಮಾಡಿಸಿದೆವು. ಒಳ್ಳೆಯ ಜಾಗ, ಒಳ್ಳೆಯ ಕೆಲಸ. ಉದ್ಘಾಟನೆ ಆಯಿತು, ಕಲ್ಲಿನ ಫಲಕ ಹಾಕಿಸಿದೆವು, ಎಲ್ಲರಿಗೂ ಲಾಡು ಹಂಚಿದೆವು. ವರದಿಯಲ್ಲಿ ‘ಪೂರ್ಣಗೊಂಡಿದೆ’ ಅಂತ ಬರೆದೆವು. ಐದು ವರ್ಷ ಬಿಟ್ಟು ಬೇರೆ ಕೆಲಸಕ್ಕೆ ಹೋದಾಗ ಸುಮ್ಮನೆ ಹತ್ತಿ ನೋಡಿದೆವು. ಫಲಕ ಇತ್ತು, ಕಟ್ಟೆ ಇರಲಿಲ್ಲ. ಹೂಳು ತುಂಬಿ ನೆಲಸಮ ಆಗಿ ಅದರ ಮೇಲೆ ಲಂಟಾನ ಬೆಳೆದಿತ್ತು. ಒಬ್ಬ ಹುಡುಗ ದನ ಹೊಡೆದುಕೊಂಡು ಬರುತ್ತಿದ್ದ. ಇಲ್ಲಿ ಕಟ್ಟೆ ಇತ್ತಲ್ಲಪ್ಪ ಅಂದರೆ, “ಯಾವ ಕಟ್ಟೆ ಮೇಡಂ?” ಅಂದ. ಯಾರು ಹೂಳು ತೆಗೆಯಬೇಕು, ಎಷ್ಟು ದಿನಕ್ಕೆ ಒಮ್ಮೆ, ಆ ಗೋಡು ಯಾರ ಹೊಲಕ್ಕೆ ಹೋಗಬೇಕು ಅನ್ನುವುದನ್ನು ನಾವು ಯಾರ ಹತ್ತಿರವೂ ಮಾತಾಡಿರಲಿಲ್ಲ. ಮಳೆ ನೀರು ಬರಿಗೈಲಿ ಬರುವುದಿಲ್ಲ, ಮಣ್ಣು ಹೊತ್ತುಕೊಂಡೇ ಬರುತ್ತದೆ. ಮೇಲೆ ಮರ ಕಡಿದಿದ್ದರೆ ಇನ್ನೂ ಜಾಸ್ತಿ.

ಕಾಮೇಗೌಡರು ಬದುಕಿದ್ದಷ್ಟು ದಿನ ಬೆಟ್ಟಕ್ಕೆ ಹತ್ತುವವರೇ. ಯಾವ ಏರಿಯಲ್ಲಿ ಇಲಿ ತೂತು ಮಾಡಿದೆ, ಯಾವುದರಲ್ಲಿ ಹೂಳು ಬಂದಿದೆ ಅನ್ನುವುದನ್ನು ಕುರಿ ಕಾಯುವವನ ಕಣ್ಣು ತಾನಾಗಿ ನೋಡುತ್ತದೆ. ಅಂಥ ಕಣ್ಣು ಮುಚ್ಚಿದ ಮೇಲೆ ಏನು? ಪ್ರತಿ ಊರಿನಲ್ಲೂ ಇಂಥ ಒಬ್ಬರು ಇರುತ್ತಾರೆ, ನಿಮ್ಮ ಊರಿನವರು ನಿಮಗೆ ನೆನಪಾಗುತ್ತಿರಬಹುದು. ಬೋರ್‌ವೆಲ್ ಕೆಟ್ಟರೆ ಓಡುವವರು, ಸತ್ತವರ ಮನೆಗೆ ಮೊದಲು ಬಂದು ಸೌದೆ ಒಟ್ಟುವವರು. ಅವರು ತೀರಿಕೊಂಡಾಗ ನಾವು ಏನು ಮಾಡ್ತೀವಿ? ಫ್ಲೆಕ್ಸ್ ಹಾಕಿಸ್ತೀವಿ. ಫ್ಲೆಕ್ಸ್ ಮೂರು ತಿಂಗಳಿಗೆ ಬಿಸಿಲಿಗೆ ಬೆಳ್ಳಗಾಗಿ, ಆಮೇಲೆ ಯಾರದೋ ಮನೆಯ ಕೋಳಿ ಗೂಡಿಗೆ ಹೊದಿಕೆ ಆಗುತ್ತದೆ. ಅವರು ಮಾಡುತ್ತಿದ್ದ ಕೆಲಸವನ್ನು ನಾಳೆಯಿಂದ ಯಾರು ಮಾಡ್ತಾರೆ ಅಂತ ತಿಥಿ ಊಟದಲ್ಲಿ ಯಾರೂ ಕೇಳುವುದಿಲ್ಲ.

ಕಾಮೇಗೌಡರಂತೆ ಒಬ್ಬೊಬ್ಬರೇ ಬೆಟ್ಟ ಅಗೆಯಿರಿ ಅಂತ ನಾವು ಹೇಳುವುದಿಲ್ಲ. ಅದು ನಮ್ಮ ಕೈಲಿ ಆಗುವುದೂ ಇಲ್ಲ, ಆಗಬೇಕಾಗಿಯೂ ಇಲ್ಲ. ಒಬ್ಬ ಮನುಷ್ಯ ನಲವತ್ತು ವರ್ಷ ತೆಗೆದುಕೊಂಡ ಕೆಲಸ ಹದಿನೈದು ಜನರ ಸಂಘಕ್ಕೆ ಅಷ್ಟು ಭಾರ ಆಗಬಾರದು. ಹೊಸದಾಗಿ ತೋಡಲು ಹೋಗಬೇಡಿ, ಬೆಟ್ಟ ಅರಣ್ಯದ್ದೋ ಕಂದಾಯದ್ದೋ ತಿಳಿಯದೆ ಗುದ್ದಲಿ ಹಾಕಿದರೆ ತಕರಾರಾಗುತ್ತದೆ. ಇರುವ ಹಳೆಯ ಕಟ್ಟೆ, ಗೋಕಟ್ಟೆ, ಕಲ್ಯಾಣಿ ಯಾವ ಊರಲ್ಲಿ ಇಲ್ಲ? ಅವುಗಳಲ್ಲಿ ಒಂದನ್ನು ಹಿಡಿಯಿರಿ. ಹೂಳೆತ್ತುವ ಕೆಲಸವನ್ನು ಗ್ರಾಮ ಸಭೆಯಲ್ಲಿ ಹೇಳಿ ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆದರಾ ಅಂತ ಓದಿಸಿ ಕೇಳಿ, ಬಾಯಿ ಮಾತಿಗೆ ಒಪ್ಪಬೇಡಿ. ಕೆಲಸ ಬೇಸಿಗೆಯಲ್ಲೇ ಆಗಬೇಕು, ಮುಂಗಾರು ಬಿದ್ದ ಮೇಲೆ ಹೂಳೆತ್ತಲು ಹೋದರೆ ಕೆಸರಿನಲ್ಲಿ ಕಾಲು ಹೂತುಕೊಳ್ಳುತ್ತದೆ ಅಷ್ಟೇ. ತೆಗೆದ ಗೋಡು ಹೊಲಕ್ಕೆ ಒಳ್ಳೆಯದು, ಯಾರಿಗೆ ಎಷ್ಟು ಗಾಡಿ ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ, ಆಮೇಲೆ ಜಗಳ ಬೇಡ. ಒಂದು ಕಡೆ ಇಳಿಜಾರು ಬಿಡಿಸುವುದನ್ನು ಮರೆಯಬೇಡಿ, ಕುರಿಮರಿ ಇಳಿದು ನೀರು ಕುಡಿದು ವಾಪಸ್ಸು ಹತ್ತಬೇಕು. ಮಕ್ಕಳು ಬಿದ್ದರೂ ಹತ್ತಿ ಬರಬೇಕು.

ಮುಂದಿನ ತಿಂಗಳ ಸಭೆಗೆ ಪ್ರತಿ ಸಂಘದ ಪ್ರತಿನಿಧಿಗಳು ನಿಮ್ಮ ಊರಿನ ಒಂದು ಕಟ್ಟೆಯನ್ನು ಹೋಗಿ ನೋಡಿ ಬನ್ನಿ. ಎಷ್ಟು ಹೂಳಿದೆ, ಯಾರ ಒತ್ತುವರಿ ಇದೆ, ಮೊದಲು ಅದನ್ನು ನೋಡಿಕೊಳ್ಳುತ್ತಿದ್ದವರು ಯಾರು, ಅವರ ಮನೆಯವರು ಈಗ ಹೇಗಿದ್ದಾರೆ, ಇಷ್ಟನ್ನು ಬರೆದು ತನ್ನಿ. ಬರೆಯಲು ಬಾರದವರು ಮಕ್ಕಳ ಕೈಲಿ ಬರೆಸಿ. ಪ್ರಶ್ನೆ ಕೇಳಿದ ಆ ಅಕ್ಕ ಇವತ್ತೂ ಬಂದಿದ್ದಾರೆ, ಹಿಂದೆ ಅದೇ ಗೋಡೆಗೇ ಒರಗಿ ಕೂತಿದ್ದಾರೆ. ಈ ಸಲ ಯಜಮಾನರನ್ನೂ ಕರೆದುಕೊಂಡು ಬಂದಿದ್ದಾರೆ, ಹೊರಗೆ ಜಗಲಿ ಮೇಲೆ ಇದ್ದಾರೆ. ಒಳಗೆ ಕರೆಯಿರಮ್ಮ, ಅವರೂ ಕೂತುಕೊಳ್ಳಲಿ. ಈಗ ಒಂದು ನಿಮಿಷ ಎಲ್ಲರೂ ಎದ್ದು ನಿಲ್ಲೋಣ. ಆಮೇಲೆ ಉಳಿತಾಯದ ಪುಸ್ತಕ ತೆಗೆಯಿರಿ.