ಹವಾಮಾನ ಬದಲಾವಣೆ ಮತ್ತು ಗ್ರಾಮದ ಕೆರೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿ ನದಿಗೆ ಕಟ್ಟಿರುವ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದಿತ್ತು. ಅದು ಮತ್ತೆ ಕೋಡಿ ಹರಿದದ್ದು 89 ವರ್ಷಗಳ ತರುವಾಯ, 2022ರ ಸೆಪ್ಟೆಂಬರ್ ತಿಂಗಳಲ್ಲಿ. ಮರುವರ್ಷವೇ, ಅಂದರೆ 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರ್ಕಾರವು ಬರಪೀಡಿತವೆಂದು ಘೋಷಿಸಬೇಕಾಯಿತು. ಹಿರಿಯೂರು ತಾಲ್ಲೂಕೂ ಅವುಗಳಲ್ಲಿ ಸೇರಿತ್ತು.

ಜಲಾಶಯ ತುಂಬಿದ್ದಕ್ಕೆ ಮಳೆಯೊಂದೇ ಕಾರಣವಲ್ಲ. ಭದ್ರೆಯ ನೀರೂ ಅದಕ್ಕೆ ಸೇರಿತ್ತು. ಒಂದು ವರ್ಷದ ನೆರೆಯಾಗಲಿ, ಒಂದು ವರ್ಷದ ಬರವಾಗಲಿ ತಾನಾಗಿಯೇ ಹವಾಮಾನ ಬದಲಾವಣೆಗೆ ಪುರಾವೆಯಾಗುವುದಿಲ್ಲ. ಆದರೆ ದೀರ್ಘಕಾಲದ ದಾಖಲೆಗಳು ಒಂದೇ ದಿಕ್ಕನ್ನು ತೋರುತ್ತಿವೆ. 1850–1900ರ ಅವಧಿಗೆ ಹೋಲಿಸಿದರೆ 2011–2020ರ ದಶಕದಲ್ಲಿ ಭೂಮಿಯ ಮೇಲ್ಮೈ ಉಷ್ಣತೆಯು ಸುಮಾರು 1.1 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದೆ. 1901ರಿಂದೀಚೆಗಿನ ದಾಖಲೆಯಲ್ಲಿ ಭಾರತಕ್ಕೆ ಅತಿ ಕಡಿಮೆ ಮಳೆಯಾದ ಆಗಸ್ಟ್ 2023ರದ್ದು. ಅತಿ ಹೆಚ್ಚು ಉಷ್ಣತೆಯ ವರ್ಷ 2024.

ಒಂದು ಡಿಗ್ರಿಯ ಏರಿಕೆಯಿಂದ ಏನಾಗುತ್ತದೆ ಎಂಬುದು ಸಹಜವಾದ ಪ್ರಶ್ನೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಹೆಚ್ಚಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿಯ ಪ್ರಮಾಣ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಬಿಸಿಯಾದ ಗಾಳಿಯು ನೆಲದ ತೇವವನ್ನು ಬೇಗನೆ ಹೀರಿಕೊಳ್ಳುತ್ತದೆ. ಮಳೆಯಾಗಿ ಸುರಿಯುವಾಗ ಒಮ್ಮೆಲೇ ಸುರಿಸುತ್ತದೆ. ಮಧ್ಯ ಭಾರತದ 1950ರಿಂದ 2015ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು, ವಿಸ್ತಾರ ಪ್ರದೇಶಗಳಲ್ಲಿ ಸಂಭವಿಸುವ ಅತಿವೃಷ್ಟಿಯ ಪ್ರಕರಣಗಳು ಮೂರು ಪಟ್ಟು ಹೆಚ್ಚಿರುವುದನ್ನು ಗುರುತಿಸಿದ್ದಾರೆ. ಅದೇ ಪ್ರದೇಶದಲ್ಲಿ ಮುಂಗಾರಿನ ಒಟ್ಟು ಮಳೆ ಹೆಚ್ಚಿರಲಿಲ್ಲ.

ಆದುದರಿಂದ ವರ್ಷದ ಮಳೆಯ ಮೊತ್ತವನ್ನಷ್ಟೇ ನೋಡಿ ಸಮಾಧಾನಪಡುವಂತಿಲ್ಲ. ಒಂದು ತಿಂಗಳಲ್ಲಿ 100 ಮಿ.ಮೀ. ಮಳೆಯು ಹತ್ತು ದಿನಗಳಲ್ಲಿ ಹಂಚಿ ಬಿದ್ದರೆ ಬೆಳೆ ನಿಲ್ಲುತ್ತದೆ. ಅದೇ 100 ಮಿ.ಮೀ. ಎರಡೇ ರಾತ್ರಿಗಳಲ್ಲಿ ಸುರಿದರೆ ಮೇಲ್ಮಣ್ಣು ಕೊಚ್ಚಿಹೋಗುತ್ತದೆ, ಉಳಿದ ದಿನಗಳಲ್ಲಿ ಪೈರು ಬಾಡುತ್ತದೆ. ತಾಲ್ಲೂಕಿನ ಅಂಕಿಅಂಶದಲ್ಲಿ ಎರಡೂ ‘ವಾಡಿಕೆ ಮಳೆ’ ಎಂದೇ ದಾಖಲಾಗುತ್ತವೆ. ಶೇಂಗಾ ಬೆಳೆಗಾರರು ಇದನ್ನು ಚೆನ್ನಾಗಿ ಬಲ್ಲರು. ಹೂವಿನಿಂದ ಹೊರಟ ಎಳೆಕಡ್ಡಿ ಮಣ್ಣಿಗಿಳಿಯುವ ವಾರಗಳಲ್ಲಿ ನೆಲ ಒಣಗಿ ಗಟ್ಟಿಯಾದರೆ, ಬಳ್ಳಿ ಹಸಿರಾಗಿ ಕಂಡರೂ ಕಾಯಿ ಕಟ್ಟುವುದಿಲ್ಲ. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಮಳೆ ನಕ್ಷತ್ರಗಳನ್ನು ಎಣಿಸಿ ಬಿತ್ತುತ್ತಿದ್ದ ಹಿರಿಯರ ಲೆಕ್ಕ ತಪ್ಪುತ್ತಿರುವುದು ಅವರ ಅರಿವಿನ ಕೊರತೆಯಿಂದಲ್ಲ. ಮಳೆಯ ನಡತೆಯೇ ಬದಲಾಗಿದೆ.

ಈ ಬದಲಾವಣೆಯನ್ನು ತಡೆಯುವ ಶಕ್ತಿ ಒಂದು ಗ್ರಾಮ ಪಂಚಾಯಿತಿಗೆ ಇಲ್ಲ. ಎರಡು ರಾತ್ರಿ ಸುರಿದ ಮಳೆಯನ್ನು ಊರಿನಲ್ಲಿ ನಿಲ್ಲಿಸಿಕೊಳ್ಳುವ ಶಕ್ತಿ ಮಾತ್ರ ಖಂಡಿತವಾಗಿಯೂ ಇದೆ. ಒಂದು ಹೆಕ್ಟೇರ್ ಭೂಮಿಯ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಅದು 10,000 ಲೀಟರ್ ನೀರು. 100 ಹೆಕ್ಟೇರ್ ಜಲಾನಯನದ ಮೇಲೆ 50 ಮಿ.ಮೀ. ಮಳೆಯಾದರೆ 5 ಕೋಟಿ ಲೀಟರ್. ಅದರಲ್ಲಿ ಐದನೆಯ ಒಂದು ಭಾಗವನ್ನು ಉಳಿಸಿದರೂ ಒಂದು ಕೋಟಿ ಲೀಟರ್ ದೊರೆಯುತ್ತದೆ. ತಲಾ 55 ಲೀಟರ್‌ನಂತೆ ಲೆಕ್ಕ ಹಾಕಿದರೆ, 2,000 ಜನಸಂಖ್ಯೆಯ ಗ್ರಾಮದ ಸುಮಾರು 90 ದಿನಗಳ ಅಗತ್ಯಕ್ಕೆ ಇದು ಸಮನಾದುದು. ಒಂದೇ ಮಳೆಯಲ್ಲಿ ಇಷ್ಟು ನೀರನ್ನು ಹರಿಯಬಿಟ್ಟ ಗ್ರಾಮವು ಬೇಸಿಗೆಯಲ್ಲಿ ಟ್ಯಾಂಕರ್‌ಗಾಗಿ ಕಾಯುತ್ತದೆ. ಅಥವಾ ಮತ್ತಷ್ಟು ಆಳದ ಕೊಳವೆಬಾವಿ ಕೊರೆಸಿ ಫ್ಲೋರೈಡ್ ಬೆರೆತ ನೀರನ್ನು ಕುಡಿಯಬೇಕಾಗುತ್ತದೆ.

ನಲವತ್ತು ಹೆಕ್ಟೇರ್‌ವರೆಗಿನ ಅಚ್ಚುಕಟ್ಟು ಇರುವ ಕೆರೆಗಳು ಪಂಚಾಯತ್ ರಾಜ್ ವ್ಯವಸ್ಥೆಯ ವ್ಯಾಪ್ತಿಗೆ ಬರುತ್ತವೆ. ಅವುಗಳ ಕುರಿತು ಸದಸ್ಯರು ಗಮನಿಸಬೇಕಾದ ಅಂಶಗಳು ಹೀಗಿವೆ.

ಮೊದಲನೆಯದು, ಪೋಷಕ ಕಾಲುವೆ. ಕಾಲುವೆ ಮುಚ್ಚಿಹೋಗಿದ್ದರೆ ಹೂಳೆತ್ತಿದ ಕೆರೆಗೂ ನೀರು ಬಾರದು. ಗ್ರಾಮ ನಕ್ಷೆಯನ್ನು ಹಿಡಿದು, ಭೂಮಾಪಕರೊಂದಿಗೆ ಕಾಲುವೆಯ ಉದ್ದಕ್ಕೂ ನಡೆದು ಗಡಿ ಗುರುತಿಸಬೇಕು. ಇದು ಸುಲಭದ ಕೆಲಸವಲ್ಲ. ಒತ್ತುವರಿ ಮಾಡಿದವರು ಪರಊರಿನವರಲ್ಲ. ಸದಸ್ಯರ ನೆರೆಹೊರೆಯವರು, ಬಂಧುಗಳು, ಮತದಾರರು. ಆದರೆ ಕಾಲುವೆಯನ್ನು ಬಿಡಿಸದೆ ಕೆರೆಗೆ ಹಣ ವಿನಿಯೋಗಿಸಿದರೆ ಆ ಹಣ ಮಣ್ಣುಪಾಲಾಗುತ್ತದೆ.

ಎರಡನೆಯದು, ಕೋಡಿ. ಹೆಚ್ಚು ನೀರು ನಿಲ್ಲಲೆಂದು ಕೋಡಿಯ ಮೇಲೆ ಮರಳಿನ ಮೂಟೆಗಳನ್ನು ಪೇರಿಸುವುದು ಅಪಾಯಕಾರಿ. ಹಳೆಯ ಕೋಡಿಗಳನ್ನು ನಿರ್ಮಿಸಿದ್ದು ಹಳೆಯ ಮಳೆಯ ಲೆಕ್ಕಕ್ಕೆ. ಇಂದಿನ ಒಂದೇ ರಾತ್ರಿಯ ಮಳೆಗೆ ಅವು ಸಾಲದೇ ಹೋಗಬಹುದು. ಹೊರಹೋಗಲು ದಾರಿ ಸಿಗದ ನೀರು ಏರಿಯ ಮೇಲೆ ಹರಿದರೆ ಮಣ್ಣಿನ ಏರಿ ಕೆಲವೇ ಗಂಟೆಗಳಲ್ಲಿ ಒಡೆಯುತ್ತದೆ. ಏರಿಯ ಕೆಳಗೆ ಮನೆಗಳಿರುವ ಊರುಗಳಲ್ಲಿ ಇದು ಪ್ರಾಣಹಾನಿಯ ಪ್ರಶ್ನೆ.

ಮೂರನೆಯದು, ಏರಿ. ಅದರ ಮೇಲೆ ಬೆಳೆದ ಜಾಲಿಯ ಬೇರುಗಳ ಗುಂಟ ನೀರು ಜಿನುಗುತ್ತದೆ. ಹೂಳೆತ್ತುವಾಗ ಏರಿಯ ಬುಡದ ಬಳಿ ಅಗೆಯುವುದರಿಂದಲೂ ಏರಿ ದುರ್ಬಲವಾಗುತ್ತದೆ. ಬುಡದಿಂದ ಎಷ್ಟು ದೂರ ಬಿಟ್ಟು ಅಗೆಯಬೇಕೆಂಬುದನ್ನು ಇಂಜಿನಿಯರರಿಂದ ಮೊದಲೇ ಗುರುತು ಮಾಡಿಸಿಕೊಳ್ಳಬೇಕು.

ನಾಲ್ಕನೆಯದು, ಮಳೆಯ ದಾಖಲೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಅಳವಡಿಸಿದೆ. ತಿಂಗಳಲ್ಲಿ 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಮಳೆಯಾದ ದಿನಗಳೆಷ್ಟು, ಮಳೆಯಿಲ್ಲದೆ ಸತತವಾಗಿ ಕಳೆದ ದಿನಗಳೆಷ್ಟು ಎಂಬ ಎರಡು ಅಂಕಿಗಳನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಬಿತ್ತನೆ, ಬೆಳೆ ವಿಮೆ ಮತ್ತು ಬರ ಪರಿಹಾರದ ಚರ್ಚೆಗಳಿಗೆ ಇವು ಆಧಾರವಾಗುತ್ತವೆ.

ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ಸಿದ್ಧಪಡಿಸುವಾಗ ಕಾಂಕ್ರೀಟ್ ರಸ್ತೆಗೆ ಬೇಡಿಕೆ ಇಡುವವರು ಅನೇಕರಿರುತ್ತಾರೆ. ಪೋಷಕ ಕಾಲುವೆಗೆ ಬೇಡಿಕೆ ಇಡುವವರು ವಿರಳ. ರಸ್ತೆ ಪ್ರತಿದಿನ ಕಣ್ಣಿಗೆ ಬೀಳುತ್ತದೆ, ಕಾಲುವೆಯ ನೆನಪಾಗುವುದು ಬರ ಬಂದಾಗ. ಆ ಬೇಡಿಕೆಯನ್ನು ಸಭೆಯ ಮುಂದಿಡುವ ಹೊಣೆ ಸದಸ್ಯರದು.

ಕೆರೆ ತುಂಬಿದಾಗ ಬಾಗಿನ ಅರ್ಪಿಸುವುದು ನಾಡಿನ ಸಂಪ್ರದಾಯ. ಕೆರೆ ಬತ್ತಿರುವಾಗ ಅದರ ಕಾಲುವೆ, ಕೋಡಿ, ಏರಿಗಳ ಮೇಲೆ ಒಮ್ಮೆ ನಡೆದು ನೋಡುವುದೂ ಅಷ್ಟೇ ಮುಖ್ಯವಾದ ಸೇವೆ. ಮುಂಗಾರಿಗೆ ಮುನ್ನ ಪ್ರತಿಯೊಂದು ಪಂಚಾಯಿತಿಯ ಸದಸ್ಯರೂ ಈ ನಡಿಗೆಯನ್ನು ಪೂರೈಸಲಿ.