ಹಣೆಪಟ್ಟಿ ಹಚ್ಚುವ ಕೈ



ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯ ಮಗ್ಗುಲಿನ ದೇವರಾಯಸಮುದ್ರದ ಮತದಾರರು ಐದೇ ವರ್ಷದಲ್ಲಿ ಎರಡು ಬಗೆಯ ಪ್ರಚಾರ ಕೇಳಿದ್ದಾರೆ. 2019ರ ಲೋಕಸಭಾ ಚುನಾವಣೆಯಲ್ಲಿ ಜೆಡಿಎಸ್ ಕಾಂಗ್ರೆಸ್ಸಿನ ಜೊತೆಗಿತ್ತು. ಕೋಮುವಾದಿ ಬಿಜೆಪಿಯನ್ನು ದೂರವಿಡಬೇಕು ಎಂಬುದೇ ಆ ಮೈತ್ರಿಯ ಸಮರ್ಥನೆ. ಗೆದ್ದವರು ಬಿಜೆಪಿಯ ಎಸ್. ಮುನಿಸ್ವಾಮಿ. 2023ರ ಸೆಪ್ಟೆಂಬರಿನಲ್ಲಿ ಜೆಡಿಎಸ್ ಬಿಜೆಪಿಯ ಮೈತ್ರಿಕೂಟ ಸೇರಿತು. ಮರುವರ್ಷ ಇದೇ ಕೋಲಾರ ಕ್ಷೇತ್ರದಲ್ಲಿ ಜೆಡಿಎಸ್‌ನ ಮಲ್ಲೇಶ್ ಬಾಬು ಬಿಜೆಪಿಯ ಬೆಂಬಲದಿಂದ ಸಂಸದರಾದರು. ಈ ನಡುವೆ ಬಿಜೆಪಿ ತನ್ನ ಸಿದ್ಧಾಂತವನ್ನೇನೂ ಬಿಟ್ಟಿರಲಿಲ್ಲ. ನೋಡುವವರು ನಿಂತ ಜಾಗ ಬದಲಾಗಿತ್ತು, ಅಷ್ಟೆ.

ಸಂಪ್ರದಾಯದ ಕಡೆಗೆ, ಬಲಪಂಥದ ಕಡೆಗೆ ವಾಲಿದ ರಾಜಕಾರಣಿಗಳಲ್ಲಿ ಯಾರು ಉಗ್ರರು, ಯಾರು ಸಂಭಾವಿತರು ಎಂಬ ತೀರ್ಪು ಬಹುಮಟ್ಟಿಗೆ ಹೀಗೆಯೇ ಆಗುತ್ತದೆ. ಇದನ್ನು ತಿಳಿಯಲು 1969ರ ಬೆಂಗಳೂರಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ.

ಆ ವರ್ಷದ ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸೇರಿತ್ತು. ಪಕ್ಷದ ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪ. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು, ಏಕೀಕರಣಕ್ಕಾಗಿ ದುಡಿದವರು, 1956ರಲ್ಲಿ ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದವರು. ಇಂದಿರಾ ಗಾಂಧಿ ಬ್ಯಾಂಕುಗಳ ಬಗ್ಗೆ, ಆರ್ಥಿಕ ನೀತಿಯ ಬಗ್ಗೆ ಒಂದು ಟಿಪ್ಪಣಿ ಕಳಿಸಿದರು. ಸಭೆ ಅದರ ಆಶಯವನ್ನು ಒಪ್ಪಿಯೂ ಬಿಟ್ಟಿತು! ನಿಜವಾದ ಜಗಳವಿದ್ದದ್ದು ರಾಷ್ಟ್ರಪತಿ ಅಭ್ಯರ್ಥಿಯ ವಿಷಯದಲ್ಲಿ. ಹಿರಿಯರು ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿದರು. ಅದು ಇಂದಿರಾ ಅವರಿಗೆ ಬೇಕಿರಲಿಲ್ಲ. ಅಧಿವೇಶನ ಮುಗಿದ ಕೆಲವೇ ದಿನಗಳಲ್ಲಿ ಮೊರಾರ್ಜಿ ದೇಸಾಯಿಯವರ ಕೈಯಿಂದ ಹಣಕಾಸು ಖಾತೆ ಹೋಯಿತು. ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು.

ಇತ್ತ ನಿಜಲಿಂಗಪ್ಪನವರು ರೆಡ್ಡಿಯವರಿಗೆ ಎರಡನೇ ಪ್ರಾಶಸ್ತ್ಯದ ಮತ ಕೊಡಿಸಿರೆಂದು ಜನಸಂಘ ಮತ್ತು ಸ್ವತಂತ್ರ ಪಕ್ಷದ ನಾಯಕರನ್ನು ಕೇಳಿದರು. ಅಷ್ಟು ಸಾಕಾಯಿತು. ಪ್ರತಿಗಾಮಿ, ಬಂಡವಾಳಶಾಹಿಗಳ ಪರ, ಕೋಮುವಾದಿಗಳ ಸಂಗಾತಿ ಎಂಬ ಮಾತುಗಳು ಅವರ ಮೇಲೂ 'ಸಿಂಡಿಕೇಟ್' ಎಂದು ಕರೆಸಿಕೊಂಡ ಅವರ ಗುಂಪಿನ ಮೇಲೂ ಬಿದ್ದವು. ಸಿಂಡಿಕೇಟಿನವರೂ ಸುಮ್ಮನಿರಲಿಲ್ಲ. ಇಂದಿರಾ ಕಮ್ಯುನಿಸ್ಟರ ಕೈಗೊಂಬೆ ಎಂದರು. ರಾಷ್ಟ್ರಪತಿ ಚುನಾವಣೆಯಲ್ಲಿ ಇಂದಿರಾ ಬೆಂಬಲಿಸಿದ ವಿ.ವಿ. ಗಿರಿ ಗೆದ್ದರು, ನವೆಂಬರಿನಲ್ಲಿ ಪಕ್ಷ ಒಡೆಯಿತು. 1971ರಲ್ಲಿ ನಮ್ಮ ರಾಜ್ಯದ 27 ಲೋಕಸಭಾ ಸ್ಥಾನಗಳೂ ಇಂದಿರಾ ಕಾಂಗ್ರೆಸ್ಸಿನ ಪಾಲಾದವು.

ಮುಂದೇನಾಯಿತು ನೋಡಿ. 1977ರಲ್ಲಿ ಅದೇ ಸಂಜೀವ ರೆಡ್ಡಿ ಅವಿರೋಧವಾಗಿ ರಾಷ್ಟ್ರಪತಿಯಾದರು. ನಿಜಲಿಂಗಪ್ಪನವರ ಬಣದ ಮುಖ್ಯಮಂತ್ರಿಯಾಗಿದ್ದ ವೀರೇಂದ್ರ ಪಾಟೀಲರು 1978ರಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ಅವರ ಎದುರೇ ನಿಂತು ಸೋತರು. ಆಮೇಲೆ ಅವರ ಪಕ್ಷವನ್ನೇ ಸೇರಿ ಕೇಂದ್ರ ಸಚಿವರಾದರು. 1989ರಲ್ಲಿ ಪಾಟೀಲರ ಮುಂದಾಳತ್ವದಲ್ಲಿ ಕಾಂಗ್ರೆಸ್ ವಿಧಾನಸಭೆಯ 224ರಲ್ಲಿ 178 ಸ್ಥಾನ ಗೆದ್ದಿತು. ಪ್ರತಿಗಾಮಿ ಎಂಬ ಹಳೆಯ ಮಾತು ಆಗ ಅಡ್ಡಬರಲಿಲ್ಲ. ಪಾಟೀಲರಿಗೆ ಇದರಿಂದ ನಷ್ಟವಾಗಲಿಲ್ಲ. ನಷ್ಟವಾದದ್ದು ಆ ಮಾತನ್ನು ನಂಬಿ ಊರೂರಲ್ಲಿ ಜಗಳ ಕಾದ ಕಾರ್ಯಕರ್ತರಿಗೆ ಎಂದು ನನಗನಿಸುತ್ತದೆ.

ಸ್ವಪಕ್ಷದವರ ಅಳತೆಯೂ ಬದಲಾಗುತ್ತದೆ. 1990ರ ರಥಯಾತ್ರೆಯಿಂದ ಕಟ್ಟಾ ಹಿಂದುತ್ವವಾದಿ ಎನಿಸಿಕೊಂಡ ಬಿಜೆಪಿಯ ಅಡ್ವಾಣಿಯವರು 2005ರಲ್ಲಿ ಕರಾಚಿಯಲ್ಲಿ ಪಾಕಿಸ್ತಾನದ ಸ್ಥಾಪಕ ಜಿನ್ನಾರನ್ನು ಹೊಗಳಿದಾಗ ಅವರ ಮೇಲೆ ಮೊದಲು ಮುಗಿಬಿದ್ದದ್ದು ಸ್ವಂತ ಸಂಘ ಪರಿವಾರವೇ.

ಹಾಗಾದರೆ ಎಲ್ಲ ಹಣೆಪಟ್ಟಿಗಳೂ ಸುಳ್ಳೇ? ಖಂಡಿತ ಅಲ್ಲ. ಕೆಲವು ಮಾತುಗಳು, ಕೆಲವು ಕಾನೂನುಗಳು ನಿಜಕ್ಕೂ ಹೆಚ್ಚು ಕಠಿಣ. ಅದನ್ನು ತಿಳಿಯಲು ಹೇಳಿದವರ ಪಕ್ಷ ಬಿಟ್ಟು ಕಾನೂನನ್ನೇ ಓದಬೇಕು. ಗೋಹತ್ಯೆ ನಿಷೇಧವನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಹಸುವಿನ ವಧೆಯನ್ನು ತಡೆದ 1964ರ ಕಾಯ್ದೆ ಬಂದದ್ದು ನಿಜಲಿಂಗಪ್ಪನವರ ಕಾಂಗ್ರೆಸ್ ಸರ್ಕಾರದಲ್ಲಿ. ಬಿಜೆಪಿ ಸರ್ಕಾರದ 2020ರ ಮಸೂದೆಯನ್ನು ಕಾಂಗ್ರೆಸ್ಸಿಗರು ಉಗ್ರ ಎಂದರು.  ಎರಡರ ನಡುವಿನ ವ್ಯತ್ಯಾಸ ಸಣ್ಣದಲ್ಲ. ಹಳೆಯ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತು, ಹೋರಿ, ಎಮ್ಮೆಗೆ ಪ್ರಮಾಣಪತ್ರದ ಮೇಲೆ ಅವಕಾಶವಿತ್ತು. ಶಿಕ್ಷೆ ಹೆಚ್ಚೆಂದರೆ 6 ತಿಂಗಳು. ಹೊಸತರಲ್ಲಿ ಎತ್ತು ಹೋರಿಗಳಿಗೆ ಯಾವ ವಯಸ್ಸಿನಲ್ಲೂ ಅವಕಾಶವಿಲ್ಲ, ಎಮ್ಮೆ ಕೋಣಗಳಿಗೆ 13 ವರ್ಷ ದಾಟಬೇಕು. ಶಿಕ್ಷೆ 3ರಿಂದ 7 ವರ್ಷ.

ಕೋಲಾರದಂಥ ಹಾಲಿನ ಸೀಮೆಯಲ್ಲಿ ಇದು ಕೊಟ್ಟಿಗೆಯ ಪ್ರಶ್ನೆ. ಸೀಮೆಹಸು ಗಂಡು ಕರು ಹಾಕಿದರೆ ಉಳುಮೆಗೆ ಅಷ್ಟಾಗಿ ಒದಗದ ಅದನ್ನು ಸಾಕುವವರು ಯಾರು? ಮೇವಿನ ಖರ್ಚು ಯಾರದು? ಗೋವಿನ ಬಗ್ಗೆ ಭಕ್ತಿಯಿರುವ ಮನೆಯಲ್ಲೂ ಈ ಲೆಕ್ಕ ತಪ್ಪಿದ್ದಲ್ಲ. 2020ರ ಡಿಸೆಂಬರಿನಲ್ಲಿ ವಿಧಾನಸಭೆ ಈ ಮಸೂದೆಯನ್ನು ಅಂಗೀಕರಿಸಿದ್ದು ವಿರೋಧ ಪಕ್ಷದ ಗದ್ದಲ, ಬಹಿಷ್ಕಾರಗಳ ನಡುವೆ. ಆ ಕರುವಿನ ವಿಷಯ ಸದನದಲ್ಲಿ ಪೂರ್ತಿಯಾಗಿ ಚರ್ಚೆಗೆ ಬರಲೇ ಇಲ್ಲ.